ಹತ್ತು ನಿಮಿಷದ ಡಾಕ್ಟರಿಗೆ ಮೂರು ತಿಂಗಳ ತಯಾರಿ: ಮುಂಬೈಯ ಪಾರ್ಕಿನ್ಸನ್ ಮನೆಗಳಿಗೆ

ಅಪ್ಪಯ್ಯನ ಕಾಯಿಲೆಯನ್ನು ಮೊದಲು ಹಿಡಿದದ್ದು ಡಾಕ್ಟರಲ್ಲ, ಹೋಟೆಲಿನ ಲೆಕ್ಕದ ಪುಸ್ತಕ. ಮಾಟುಂಗಾದಲ್ಲಿ ಮೂವತ್ತು ವರ್ಷ ಗಲ್ಲಾಪೆಟ್ಟಿಗೆ ಮುಂದೆ ಕೂತವರು ಅವರು. ದುಂಡನೆಯ ಅಕ್ಷರ. ಒಂದು ವರ್ಷ ನೋಡುತ್ತೇವೆ, ಸಾಲಿನ ಶುರುವಲ್ಲಿ ಸರಿಯಾಗಿದ್ದ ಅಕ್ಷರ ಕೊನೆಗೆ ಬರುವಾಗ ಸಾಸಿವೆ ಕಾಳು. ಧಣಿಗಳು ಕನ್ನಡಕ ಬದಲಾಯಿಸಿ ಅಂದರು. ಬದಲಾಯಿಸಿದೆವು. ಆಮೇಲೆ ಬಲಭುಜ ಹಿಡಿದುಕೊಂಡಿತು. ಮೂಳೆ ಡಾಕ್ಟರ ಹತ್ತಿರ ಒಂದೂವರೆ ವರ್ಷ ಶಾಖ, ಇಂಜೆಕ್ಷನ್, ಮತ್ತೆ ಶಾಖ. ನಡೆಯುವಾಗ ಬಲಗೈ ಬೀಸುವುದೇ ಇಲ್ಲ ಅಂತ ಕಂಡುಹಿಡಿದದ್ದು ಕುಂದಾಪುರದಿಂದ ಬಂದ ಅತ್ತೆ. ಅಪ್ಪಯ್ಯನದ್ದು ಒಂದೇ ಮಾತು: "ನಂಗೆಂತದೂ ಆಯ್ಲಿಲ್ಲ."

ಆಗಿತ್ತು. ಪಾರ್ಕಿನ್ಸನ್, ಮೈಯ ಚಲನೆ ಕೆಡಿಸುವ ಮಿದುಳಿನ ಕಾಯಿಲೆ. ಮಿದುಳು-ನರದ ಡಾಕ್ಟರ (ನ್ಯೂರೋಲಜಿಸ್ಟ್) ಮುಂದೆ ಕೂರಿಸಿದಾಗ ಅವರು ಹೆಬ್ಬೆರಳಿಗೆ ತೋರುಬೆರಳು ತಟ್ಟಿಸಿದರು, ಹತ್ತು ಹೆಜ್ಜೆ ನಡೆಸಿದರು, ಹಿಂದಿನಿಂದ ಭುಜ ಹಿಡಿದು ಎಳೆದು ನೋಡಿದರು. ಐದು ನಿಮಿಷದ ಕೆಲಸ. ಆ ಐದು ನಿಮಿಷಕ್ಕೆ ನಾವು ಎರಡು ವರ್ಷ ಸುತ್ತಿದ್ದೆವು.

ಮುಂಬೈಯಲ್ಲಿ ಡಾಕ್ಟರಿಗೆ ಬರ ಇಲ್ಲ. ಡೊಂಬಿವಲಿಯಿಂದ ಡಾಕ್ಟರ ಟೇಬಲ್ಲಿನ ತನಕ ಹೋಗುವ ದಾರಿಗೆ ಬರ. ಹೋದ ಮೇಲೆ ಸಿಗುವ ಹತ್ತು ನಿಮಿಷದಲ್ಲಿ ಏನು ಹೇಳಬೇಕು ಎಂಬುದಕ್ಕೂ ಬರ. ಏಳು ವರ್ಷದಲ್ಲಿ ನಾವು ಎಡವಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನೀವಾದರೂ ಆ ಎರಡು ವರ್ಷ ಉಳಿಸಿಕೊಳ್ಳಿ.

ಯಾರ ಹತ್ತಿರ ಹೋಗಬೇಕು

ಕೈ ನಡುಗಿದರೆ ಮಾತ್ರ ಪಾರ್ಕಿನ್ಸನ್ ಅಂತ ನಾವೆಲ್ಲ ತಿಳಿದಿದ್ದೇವೆ. ಎಷ್ಟೋ ಜನರಿಗೆ ನಡುಕ ಇರುವುದೇ ಇಲ್ಲ. ಕೆಲಸ ನಿಧಾನವಾಗುವುದು, ಮೈ ಬಿಗಿಯುವುದು, ಮುಖದಲ್ಲಿ ನಗು ಕಮ್ಮಿಯಾಗುವುದು, ದನಿ ಸಣ್ಣದಾಗುವುದು, ಭುಜ ಹಿಡಿಯುವುದು, ಇವೆಲ್ಲ ಅದರದ್ದೇ ಗುರುತು ಇರಬಹುದು. ಇನ್ನು ಕೆಲವು ಗುರುತು ವರ್ಷಗಟ್ಟಲೆ ಮೊದಲೇ ಬಂದಿರುತ್ತವೆ: ಮಲಬದ್ಧತೆ, ಮೂಗಿಗೆ ವಾಸನೆ ಸಿಗದಿರುವುದು, ನಿದ್ದೆಯಲ್ಲಿ ಕೂಗಿ ಕೈಕಾಲು ಝಾಡಿಸುವುದು. ಅಮ್ಮ ಐದಾರು ವರ್ಷದಿಂದ ರಾತ್ರಿ ಅಪ್ಪಯ್ಯನ ಒದೆ ತಿನ್ನುತ್ತಿದ್ದರಂತೆ. ನಮಗೆ ಹೇಳಿದ್ದು ಡಾಕ್ಟರು ಕೇಳಿದ ಮೇಲೆ!

ಇಂಥದ್ದು ಎರಡು ಮೂರು ಕೂಡಿ ಬಂದರೆ ಮೂಳೆ ಡಾಕ್ಟರು, ಕಿವಿ ಡಾಕ್ಟರು ಅಂತ ತಿರುಗಬೇಡಿ. ನಿಮ್ಮ ಫ್ಯಾಮಿಲಿ ಡಾಕ್ಟರಿಗೆ ನೇರವಾಗಿ ಕೇಳಿ, "ನ್ಯೂರೋಲಜಿಸ್ಟಿಗೆ ಒಂದು ಚೀಟಿ ಬರೆದುಕೊಡಿ." ನ್ಯೂರೋಲಜಿಸ್ಟ್ ಅಂದರೆ ಎಂಡಿ ಆದ ಮೇಲೆ ನರರೋಗದಲ್ಲಿ ಡಿಎಂ ಅಥವಾ ಡಿಎನ್‌ಬಿ ಪದವಿ ಮಾಡಿದವರು. ಅವರಲ್ಲೂ ಕೆಲವರು ಮೂವ್‌ಮೆಂಟ್ ಡಿಸಾರ್ಡರ್, ಅಂದರೆ ಚಲನೆಯ ತೊಂದರೆಗಳ ವಿಭಾಗದಲ್ಲೇ ಹೆಚ್ಚಿನ ತರಬೇತಿ ಪಡೆದಿರುತ್ತಾರೆ. ಅವರು ಎಲ್ಲರಿಗೂ ಬೇಕಾ? ನನ್ನ ಅಭಿಪ್ರಾಯದಲ್ಲಿ ತಿಂಗಳು ತಿಂಗಳು ಬೇಕಿಲ್ಲ. ಮೊದಲ ಸಲ ಕಾಯಿಲೆ ಖಚಿತ ಮಾಡಿಕೊಳ್ಳಲು ಒಮ್ಮೆ, ಆಮೇಲೆ ಮಾತ್ರೆ ಹಿಡಿತಕ್ಕೆ ಸಿಗದೇ ಹೋದಾಗ ಒಮ್ಮೆ ತೋರಿಸಿ. ನಡುವಿನ ವರ್ಷಗಳನ್ನು ಹತ್ತಿರದ ನ್ಯೂರೋಲಜಿಸ್ಟ್ ನೋಡಿಕೊಳ್ಳಬಹುದು. ಠಾಣೆ, ಡೊಂಬಿವಲಿ, ಮುಲುಂಡ್ ಕಡೆಯವರು ಪ್ರತಿ ಸಲ ಟೌನಿಗೆ, ಅಂದರೆ ದಕ್ಷಿಣ ಮುಂಬೈಗೆ, ಓಡಿ ಸುಸ್ತಾಗಿ, ಕೊನೆಗೆ ತೋರಿಸುವುದನ್ನೇ ಬಿಟ್ಟದ್ದನ್ನು ನಾನು ನೋಡಿದ್ದೇನೆ.

ಒಂದು ಮಾತು, ಈ ಕಾಯಿಲೆಗೆ ರಕ್ತ ಪರೀಕ್ಷೆ ಮಾಡಿ ಹೌದು ಅಲ್ಲ ಅನ್ನುವ ದಾರಿ ಇಲ್ಲ. ಎಂಆರ್‌ಐ ಮಾಡಿಸುವುದು ಹೆಚ್ಚಾಗಿ ಬೇರೇನೂ ಅಲ್ಲ ಅಂತ ನೋಡಲು. ರಿಪೋರ್ಟ್ ನಾರ್ಮಲ್ ಬಂತು ಅಂತ ಕಾಯಿಲೆ ಇಲ್ಲ ಅಂದುಕೊಂಡು ಮನೆಗೆ ಬಂದು ಕೂರಬೇಡಿ.

ಮತ್ತೆ, ಹೋಗುವ ಮೊದಲು ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಯ ಪಟ್ಟಿ ಮಾಡಿ. ತಲೆಸುತ್ತಿಗೆ ಕೊಡುವ ಸಿನಾರಿಝಿನ್, ಫ್ಲುನಾರಿಝಿನ್, ವಾಂತಿಗೆ ಕೊಡುವ ಮೆಟೋಕ್ಲೋಪ್ರಮೈಡ್, ಮನೋರೋಗದ ಕೆಲವು ಮಾತ್ರೆಗಳು, ಇವು ಪಾರ್ಕಿನ್ಸನ್ ತರಹದ್ದೇ ಲಕ್ಷಣ ತರಬಲ್ಲವು, ಇದ್ದದ್ದನ್ನು ಜಾಸ್ತಿಯೂ ಮಾಡಬಲ್ಲವು. ವಯಸ್ಸಾದವರು ತಲೆಸುತ್ತಿನ ಮಾತ್ರೆಯನ್ನು ವರ್ಷಗಟ್ಟಲೆ ಸುಮ್ನೆ ನುಂಗುತ್ತಿರುತ್ತಾರೆ, ಅಲ್ವಾ? ಅದೂ ಪಟ್ಟಿಯಲ್ಲಿ ಬರಲಿ. ಊರಿಂದ ತರಿಸಿದ ನಸುಗುನ್ನಿ ಪುಡಿಯೂ ಬರಲಿ. ನಸುಗುನ್ನಿ ಬೀಜದಲ್ಲಿ ನಿಜವಾಗಿಯೇ ಲೆವೊಡೋಪಾ, ಅಂದರೆ ಪಾರ್ಕಿನ್ಸನ್‌ಗೆ ಕೊಡುವ ಔಷಧವೇ, ಇದೆ, ಅದಕ್ಕೇ ಮುಚ್ಚಿಡಬಾರದು. ಡಾಕ್ಟರು ಕೊಟ್ಟ ಮಾತ್ರೆಯೂ ಅದೇ, ಪುಡಿಯೂ ಅದೇ ಆದರೆ ಒಟ್ಟು ಎಷ್ಟು ಹೋಯಿತು ಅಂತ ಲೆಕ್ಕ ಇಡುವವರು ಯಾರು?

ಎಲ್ಲಿ ತೋರಿಸುವುದು

ದುಡ್ಡು ಕಮ್ಮಿ ಇದ್ದರೆ ಹಿಂಜರಿಯದೆ ಪಾಲಿಕೆ ಆಸ್ಪತ್ರೆಗೆ ಹೋಗಿ. ಪರೇಲಿನ ಕೆಇಎಂ, ಮುಂಬೈ ಸೆಂಟ್ರಲಿನ ನಾಯರ್, ಸಯನ್ ಆಸ್ಪತ್ರೆ, ಇವು ಮೂರೂ ಪಾಲಿಕೆಯವು. ಭಾಯಖಳಾದ ಜೆಜೆ ರಾಜ್ಯ ಸರಕಾರದ್ದು. ನಾಲ್ಕರಲ್ಲೂ ನ್ಯೂರೋಲಜಿ ವಿಭಾಗ ಇದೆ, ನಾಲ್ಕೂ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು. ಸಾಲು ಉದ್ದ, ಬೆಂಚು ಗಟ್ಟಿ. ಆದರೆ ಅಲ್ಲಿನ ಡಾಕ್ಟರು ಒಂದು ವಾರದಲ್ಲಿ ನೋಡುವಷ್ಟು ಕೇಸು ಬೇರೆ ಕಡೆ ತಿಂಗಳಿಗೂ ಬರುವುದಿಲ್ಲ. ಕೇಸ್ ಪೇಪರ್ ಕಿಟಕಿಯಲ್ಲಿ "ನ್ಯೂರೋಲಜಿ" ಅನ್ನಿ, ಬಾಯಿಗೆ ಬಾರದಿದ್ದರೆ "ಕಂಪವಾತ" ಅನ್ನಿ, ಮರಾಠಿಯಲ್ಲೂ ಅದೇ ಶಬ್ದ. ಕೆಲವೊಮ್ಮೆ ಮೊದಲು ಮೆಡಿಸಿನ್ ಓಪಿಡಿಗೆ ಕಳಿಸಿ, ಅಲ್ಲಿಂದ ನ್ಯೂರೋಲಜಿಗೆ ಬರೆದುಕೊಡುತ್ತಾರೆ. ವಿಶೇಷ ಓಪಿಡಿ ದಿನಾ ಇರುವುದಿಲ್ಲ, ವಾರದ ಯಾವ ದಿನ ಅಂತ ಮನೆಯಿಂದ ಒಬ್ಬರು ಮೊದಲೇ ಹೋಗಿ ಕೇಳಿಕೊಂಡು ಬನ್ನಿ. ರೋಗಿಯನ್ನು ಕರೆದುಕೊಂಡು ಹೋಗಿ "ಇವತ್ತಲ್ಲ, ಗುರುವಾರ ಬನ್ನಿ" ಅನ್ನಿಸಿಕೊಂಡು ವಾಪಸ್ ಬರುವ ಸಂಕಟ ನಮಗೆ ಒಮ್ಮೆ ಆಗಿದೆ, ಅವತ್ತು ಅಪ್ಪಯ್ಯ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಖಾಸಗಿಯಲ್ಲಾದರೆ ಮರೀನ್ ಲೈನ್ಸ್ ಹತ್ತಿರದ ಬಾಂಬೆ ಹಾಸ್ಪಿಟಲ್, ಪೆಡ್ಡರ್ ರೋಡಿನ ಜಸ್‌ಲೋಕ್, ಮಾಹಿಮಿನ ಹಿಂದುಜಾ, ಅಂಧೇರಿಯ ಕೋಕಿಲಾಬೆನ್ ಎಲ್ಲರಿಗೂ ಗೊತ್ತಿರುವ ಹೆಸರು. ಫೋನ್ ಮಾಡಿದಾಗ "ನ್ಯೂರೋಲಜಿ ಅಪಾಯಿಂಟ್‌ಮೆಂಟ್" ಅಂತ ಮಾತ್ರ ಕೇಳಬೇಡಿ. "ಮೂವ್‌ಮೆಂಟ್ ಡಿಸಾರ್ಡರ್ ನೋಡುವವರು ಯಾರು, ಯಾವ ದಿನ" ಅಂತ ಕೇಳಿ. ಎರಡೂವರೆ ತಿಂಗಳು ಕಾಯಬೇಕು ಅಂದರೆ ಹೆಸರು ಬರೆಸಿಯೇ ಬಿಡಿ, ಜೊತೆಗೆ "ಯಾರಾದರೂ ಕ್ಯಾನ್ಸಲ್ ಮಾಡಿದರೆ ನಮಗೆ ಫೋನ್ ಮಾಡಿ" ಅನ್ನಿ. ವಾರಕ್ಕೊಮ್ಮೆ ನೀವೇ ಫೋನ್ ಮಾಡಿ ನೆನಪಿಸಿ. ಮಳೆಗಾಲದಲ್ಲಿ ಲೋಕಲ್ ನಿಂತ ದಿನ ಎಷ್ಟೋ ಜನ ಬರುವುದೇ ಇಲ್ಲ, ದಾದರಿನಿಂದ ಟೌನ್ ಕಡೆಗೆ, ಆಸ್ಪತ್ರೆಗೆ ಹತ್ತಿರ ಇರುವವರಿಗೆ ಅದೇ ಅವಕಾಶ. ಇದು ಸ್ವಲ್ಪ ಸ್ವಾರ್ಥ ಅನ್ನಿಸಬಹುದು, ಇರಲಿ.

ಹೋಗುವ ಹೊತ್ತು

ಇದನ್ನು ಯಾರೂ ಹೇಳುವುದಿಲ್ಲ. ಪಾರ್ಕಿನ್ಸನ್‌ನ ಮುಖ್ಯ ಔಷಧ ಲೆವೊಡೋಪಾ, ಕಾರ್ಬಿಡೋಪಾ ಜೊತೆ ಸೇರಿಸಿ ಕೊಡುತ್ತಾರೆ, ನಮ್ಮಲ್ಲಿ ಸಿಂಡೋಪಾ ಅಂದರೆ ಹೆಚ್ಚಿನವರಿಗೆ ಗೊತ್ತು. ಶುರುವಿನ ವರ್ಷಗಳಲ್ಲಿ ಅದು ಇಡೀ ದಿನ ನಡೆಸುತ್ತದೆ. ಆಮೇಲೆ ಒಂದು ಮಾತ್ರೆಯ ಬಲ ಮೂರು ನಾಲ್ಕು ಗಂಟೆಗೇ ಇಳಿಯಲು ಶುರುವಾಗುತ್ತದೆ. ಬಲ ಇರುವ ಹೊತ್ತಿಗೆ ಆನ್, ಇಳಿದ ಹೊತ್ತಿಗೆ ಆಫ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ "ಕರೆಂಟ್ ಇದೆ, ಕರೆಂಟ್ ಹೋಯ್ತು" ಅನ್ನುತ್ತೇವೆ.

ಹನ್ನೊಂದು ಗಂಟೆಯ ಅಪಾಯಿಂಟ್‌ಮೆಂಟಿಗೆ ಚೆನ್ನಾಗಿ ಮಾತ್ರೆ ತಗೊಂಡು, ಚೆನ್ನಾಗಿ ನಡೆದುಕೊಂಡು ಒಳಗೆ ಹೋದರೆ ಡಾಕ್ಟರಿಗೆ ಕಾಣುವುದು ಆನ್ ಮಾತ್ರ. "ಅರೇ, ಚೆನ್ನಾಗಿದ್ದೀರಲ್ಲ" ಅಂತ ಅದೇ ಚೀಟಿ ಬರೆದು ಕಳಿಸುತ್ತಾರೆ. ಮನೆಗೆ ಬಂದು ನಾಲ್ಕು ಗಂಟೆಗೆ ಬಚ್ಚಲ ಬಾಗಿಲಲ್ಲಿ ಕಾಲು ನೆಲಕ್ಕೆ ಅಂಟಿಕೊಂಡು ನಿಂತವರನ್ನು ಅವರು ನೋಡುವುದು ಹೇಗೆ? ಮಾತ್ರೆ ತಪ್ಪಿಸಿ ಕರೆದುಕೊಂಡು ಹೋಗಿ ಅಂತ ಹೇಳುತ್ತಿಲ್ಲ, ಡಾಕ್ಟರು ಹೇಳದೆ ಹಾಗೆ ಮಾಡಲೇಬೇಡಿ. ವಿಡಿಯೋ ಮಾಡಿ. ಆಫ್ ಇದ್ದಾಗ ಕುರ್ಚಿಯಿಂದ ಏಳುವುದು, ತಿರುಗುವುದು, ಬಾಗಿಲು ದಾಟುವುದು, ಅರ್ಧ ನಿಮಿಷದ್ದು ಸಾಕು. ಆನ್ ಇದ್ದಾಗ ಇನ್ನೊಂದು. ಮೈ ತಾನಾಗಿ ಬಳುಕುತ್ತಿದ್ದರೆ ಅದರದ್ದೂ ಒಂದು, ಅದು ನಡುಕ ಅಲ್ಲ, ಮಾತ್ರೆಯ ಬಲ ಜಾಸ್ತಿಯಾದಾಗ ಬರುವಂಥದ್ದು, ಎರಡಕ್ಕೂ ಮದ್ದು ಬೇರೆ ಬೇರೆ. ವಿಡಿಯೋ ಮಾಡುವಾಗ ಅವರನ್ನು ಕೇಳಿಯೇ ಮಾಡಿ. ಅಪ್ಪಯ್ಯ ಮೊದಲ ಸಲ ಸಿಟ್ಟಾದರು. ಈಗ "ಹಾಂ, ತೆಗಿ, ಈಗ ಸರಿ ಹಾಳಾಗಿದೆ" ಅಂತ ಅವರೇ ಕರೆಯುತ್ತಾರೆ.

ಜೊತೆಗೆ ಮೂರು ದಿನದ ಲೆಕ್ಕ. ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು. ಎಡಗಡೆ ಗಂಟೆ ಬರೆಯಿರಿ, ಬಲಗಡೆ ಮಾತ್ರೆ, ಊಟ, ಆನ್, ಆಫ್, ಬಿದ್ದದ್ದು, ನಿದ್ದೆ. ಡಾಕ್ಟರು ಮಾತಿಗಿಂತ ಮೊದಲು ಆ ಹಾಳೆ ನೋಡುತ್ತಾರೆ. ನಮ್ಮ ಹಾಳೆಯಲ್ಲಿ ಮಧ್ಯಾಹ್ನದ ಮಾತ್ರೆ ಕೆಲಸವೇ ಮಾಡುತ್ತಿಲ್ಲ ಅಂತ ಎದ್ದು ಕಂಡಿತು. ಕಾರಣ ನೋಡಿದರೆ ಅಪ್ಪಯ್ಯ ಮೀನು ಸಾರಿನ ಊಟದ ಜೊತೆಗೇ ಮಾತ್ರೆ ನುಂಗುತ್ತಿದ್ದರು. ಪ್ರೋಟೀನ್ ಜೊತೆ ಹೋದರೆ ಲೆವೊಡೋಪಾ ಮೈಗೆ ಸರಿಯಾಗಿ ಹತ್ತುವುದಿಲ್ಲ. ಊಟಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ಮಾಡಿದ್ದೇ ಸರಿಹೋಯಿತು, ಡೋಸ್ ಏರಿಸಬೇಕಾಗಲಿಲ್ಲ, ಮೀನೂ ಬಿಡಬೇಕಾಗಲಿಲ್ಲ.

ಹೇಳಲು ನಾಚಿಕೆಯಾಗುವ ಸಂಗತಿಗಳನ್ನು ಚೀಟಿಯಲ್ಲಿ ಬರೆದು ಡಾಕ್ಟರ ಕೈಗೆ ಕೊಡಿ. ಇಲ್ಲದ ಜನ ಕಾಣುವುದು, ಮನಸ್ಸು ಕುಗ್ಗುವುದು, ಮೂತ್ರದ ತೊಂದರೆ. ಇನ್ನೊಂದು ಉಂಟು: ಪ್ರಮಿಪೆಕ್ಸೋಲ್, ರೋಪಿನಿರೋಲ್ ಥರದ ಮಾತ್ರೆಯಿಂದ ಕೆಲವರಿಗೆ ಜೂಜು, ಖರೀದಿ, ತಿನ್ನುವ ಚಟ ತಡೆಯಲಾರದಷ್ಟು ಬರುತ್ತದೆ. ಯಾವತ್ತೂ ಇಸ್ಪೀಟು ಮುಟ್ಟದವರು ರಾತ್ರಿಯಿಡೀ ಫೋನಲ್ಲಿ ರಮ್ಮಿ ಆಡಿ ದುಡ್ಡು ಕಳೆದರೆ ಬೈಯುವ ಮೊದಲು ಮಾತ್ರೆಯ ಹೆಸರು ನೋಡಿ, ಡಾಕ್ಟರಿಗೆ ಹೇಳಿ.

ದಾರಿ

ಡೊಂಬಿವಲಿಯಿಂದ ಬೆಳಿಗ್ಗೆ ಎಂಟೂವರೆ ಲೋಕಲ್ಲಿಗೆ ಪಾರ್ಕಿನ್ಸನ್ ಇರುವವರನ್ನು ಹತ್ತಿಸುವ ಸಾಹಸ ಬೇಡ. ಹನ್ನೊಂದರ ನಂತರದ ಅಪಾಯಿಂಟ್‌ಮೆಂಟ್ ಕೇಳಿ, ಸ್ಲೋ ಗಾಡಿ ಹಿಡಿಯಿರಿ. ಅಂಗವಿಕಲರ ಡಬ್ಬಿಯಲ್ಲಿ ಹೋಗಬೇಕಾದರೆ ಪ್ರಮಾಣಪತ್ರ ಬೇಕು, ಅದರ ಮಾತು ಮುಂದೆ ಬರೆದಿದ್ದೇನೆ. ಹತ್ತುವಾಗ ಕಾಲು ಕಟ್ಟಿಕೊಂಡರೆ ಕೈ ಹಿಡಿದು ಎಳೆಯಬೇಡಿ, ಬೀಳುತ್ತಾರೆ. ಕಣ್ಣಿಗೆ ಒಂದು ಗೆರೆ ಕೊಡಿ. ಪ್ಲಾಟ್‌ಫಾರ್ಮಿನ ಹಳದಿ ಗೆರೆ ತೋರಿಸಿ "ಅಪ್ಪಯ್ಯ, ಇದನ್ನು ದಾಟಿ, ಒಂದ್, ಎರಡ್" ಅಂದರೆ ಕಾಲು ಏಳುತ್ತದೆ. ಸುಮ್ನೆ ನಡೆಯಿರಿ ಅಂದರೆ ಏಳುವುದಿಲ್ಲ. ಇದು ಜಾದೂ ಅಲ್ಲ, ತಾನಾಗಿ ನಡೆಯುವ ಮಿದುಳಿನ ದಾರಿ ಕೈಕೊಟ್ಟಾಗ ಕಣ್ಣು, ಕಿವಿ ಹಿಡಿದು ಬೇರೆ ದಾರಿಯಿಂದ ನಡೆಸುವ ಉಪಾಯ. ಮನೆಯಲ್ಲಿ ಬಚ್ಚಲ ಬಾಗಿಲಿಗೆ ನಾವು ಬಣ್ಣದ ಟೇಪು ಅಂಟಿಸಿದ್ದೇವೆ.

ಪ್ರತಿ ಸಲ ಹೋಗಲೇಬೇಕಾ? ಇಲ್ಲ. 2020ರಿಂದ ಟೆಲಿಮೆಡಿಸಿನ್‌ಗೆ ಸರಕಾರದ ನಿಯಮಗಳಿವೆ, ಡಾಕ್ಟರು ವಿಡಿಯೋದಲ್ಲಿ ನೋಡಿ ಚೀಟಿ ಬರೆಯಬಹುದು. ಹಾಗಾಗಿ ಮೊದಲ ಭೇಟಿಯಲ್ಲೇ ಕೇಳಿಟ್ಟುಕೊಳ್ಳಿ: "ಮುಂದಿನ ಸಲ ವಿಡಿಯೋದಲ್ಲಿ ಆಗುತ್ತಾ? ನಡುವೆ ತೊಂದರೆ ಆದರೆ ಯಾರಿಗೆ ಮೆಸೇಜ್ ಮಾಡುವುದು?" ನಾವು ಒಂದು ಸಲ ನೇರ, ಒಂದು ಸಲ ವಿಡಿಯೋ ಅಂತ ಇಟ್ಟುಕೊಂಡಿದ್ದೇವೆ. ಸರಕಾರದ ಇ-ಸಂಜೀವನಿ ಉಚಿತವಾಗಿದೆ, ಅದೂ ನೋಡಬಹುದು. ಬಿಗಿತ ಮಾತ್ರ ಕೈಯಿಂದ ಮುಟ್ಟಿಯೇ ನೋಡಬೇಕು, ಅದಕ್ಕೆ ವರ್ಷಕ್ಕೆ ಎರಡು ಸಲವಾದರೂ ಎದುರಿಗೆ ಹೋಗಿ.

ಡಾಕ್ಟರೊಬ್ಬರೇ ಸಾಲುವುದಿಲ್ಲ

ಮಾತ್ರೆಯಷ್ಟೇ ಮುಖ್ಯ ವ್ಯಾಯಾಮ. ಹಾಜಿ ಅಲಿ ಹತ್ತಿರ ಕೇಂದ್ರ ಸರಕಾರದ ಅಖಿಲ ಭಾರತ ಫಿಸಿಕಲ್ ಮೆಡಿಸಿನ್ ಮತ್ತು ಪುನರ್ವಸತಿ ಸಂಸ್ಥೆ ಇದೆ. ಬಾಂದ್ರಾ ರೆಕ್ಲಮೇಶನ್ನಿನಲ್ಲಿ ಅಲಿ ಯಾವರ್ ಜಂಗ್ ಸಂಸ್ಥೆ ಇದೆ, ಮಾತು ಮತ್ತು ಶ್ರವಣದ್ದು. ದನಿ ಸಣ್ಣದಾದಾಗ, ನುಂಗುವಾಗ ಕೆಮ್ಮು ಬಂದಾಗ ಸ್ಪೀಚ್ ಥೆರಪಿಸ್ಟ್ ಬೇಕಾಗುತ್ತಾರೆ, ಇದನ್ನು ನಮ್ಮವರು ಕೊನೇ ತನಕ ಮುಂದೂಡುತ್ತಾರೆ. ಉಸಿರು ಕಟ್ಟುವ ಮೊದಲು ಹೋಗಿ.

ಇನ್ನೊಂದು, ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ. ಮುಂಬೈಯಲ್ಲಿ 2001ರಲ್ಲಿ ಹುಟ್ಟಿದ ಸಂಸ್ಥೆ. ನಗರದ ಬೇರೆ ಬೇರೆ ಕಡೆ ರೋಗಿಗಳ ಗುಂಪು ಸೇರಿಸಿ ವ್ಯಾಯಾಮ, ಮಾಹಿತಿ ಎಲ್ಲ ಉಚಿತವಾಗಿ ಕೊಡುತ್ತದೆ. ಪುಣೆಯವರಿಗೆ ಪಾರ್ಕಿನ್ಸನ್ಸ್ ಮಿತ್ರಮಂಡಳ ಇದೆ. ಇಂಥ ಗುಂಪಿನಲ್ಲಿ ಯಾವ ಡಾಕ್ಟರು ತಾಳ್ಮೆಯಿಂದ ಕೇಳುತ್ತಾರೆ, ಯಾವ ಫಿಸಿಯೋ ಮನೆಗೆ ಬರುತ್ತಾರೆ ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಭಾಷೆ ಒಂದೇ ತೊಡಕು. ಸಭೆ ಹೆಚ್ಚಾಗಿ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ನಡೆಯುತ್ತದೆ, ನಮ್ಮ ಅಮ್ಮಂದಿರು ಮೂಲೆಯಲ್ಲಿ ಕೂತು ತಲೆ ಆಡಿಸಿ ಬರುತ್ತಾರೆ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ, ಊರೂರಿನ ಜಾತಿ ಸಂಘಗಳ ಭವನಗಳು, ಇಷ್ಟೆಲ್ಲ ಇಟ್ಟುಕೊಂಡು ನಮಗೆ ತಿಂಗಳಿಗೊಂದು ಸಂಜೆ ಕನ್ನಡದಲ್ಲಿ ಕೂತು ಮಾತಾಡಲು ಜಾಗ ಸಿಗುವುದಿಲ್ಲವೇ? ಯಕ್ಷಗಾನಕ್ಕೆ ಸಿಗುತ್ತದೆ, ಸನ್ಮಾನಕ್ಕೆ ಸಿಗುತ್ತದೆ. ನಿಮ್ಮ ಸಂಘದ ಕಾರ್ಯದರ್ಶಿಯನ್ನು ಕೇಳಿ. ನಾವು ಡೊಂಬಿವಲಿಯಲ್ಲಿ ಆರು ಮನೆಯವರು ಒಬ್ಬರ ಹಾಲಿನಲ್ಲಿ ಶುರುಮಾಡಿದ್ದೇವೆ, ಚಹಾ, ಖಾರ, ಅರ್ಧ ಗಂಟೆ ವ್ಯಾಯಾಮ. ಭಜನೆ ಜೋರಾಗಿ ಹಾಡಿಸುತ್ತೇವೆ, ದನಿಗೆ ಅದಕ್ಕಿಂತ ಒಳ್ಳೇ ವ್ಯಾಯಾಮ ನನಗೆ ಕಂಡಿಲ್ಲ.

ದುಡ್ಡು, ಕಾಗದ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪಾರ್ಕಿನ್ಸನ್ ಹೆಸರು ಹೇಳಿ ಸೇರಿಸಿದ್ದಾರೆ. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಮತ್ತು ಗುರುತಿನ ಕಾರ್ಡಿಗೆ (ಯುಡಿಐಡಿ) ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ ಹಾಕಿ, ಅವರು ಹೇಳಿದ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕು. ಅಂಗವೈಕಲ್ಯ ಶೇಕಡಾ 40 ಅಥವಾ ಜಾಸ್ತಿ ಅಂತ ಬಂದರೆ ಹೆಚ್ಚಿನ ಸೌಲಭ್ಯಕ್ಕೆ ದಾರಿ. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಆದಾಯ ತೆರಿಗೆಯ ರಿಯಾಯಿತಿ ಉಂಟು (1961ರ ಕಾಯ್ದೆಯಲ್ಲಿ ಅದು 80ಡಿಡಿಬಿ ಕಲಂ). ಚಿಕಿತ್ಸೆಗೆ ಆದ ಖರ್ಚಿನಲ್ಲಿ 40,000 ರೂಪಾಯಿ ತನಕ, ರೋಗಿಗೆ 60 ದಾಟಿದ್ದರೆ 1 ಲಕ್ಷದ ತನಕ ತೆರಿಗೆ ಬೀಳುವ ಆದಾಯದಿಂದ ಕಳೆಯಬಹುದು. ಅದಕ್ಕೂ ಶೇಕಡಾ 40ರ ಷರತ್ತು ಇದೆ, ನ್ಯೂರೋಲಜಿಸ್ಟ್ ಬರೆದ ಚೀಟಿ ಬೇಕು. ಮಾರ್ಚಿನಲ್ಲಿ ಓಡಬೇಡಿ, ಭೇಟಿಯ ದಿನವೇ ಬರೆಸಿಕೊಳ್ಳಿ.

70 ದಾಟಿದವರಿಗೆ 2024ರ ಅಕ್ಟೋಬರಿನಿಂದ ಆಯುಷ್ಮಾನ್ ವಯ ವಂದನಾ ಕಾರ್ಡ್ ಸಿಗುತ್ತದೆ, ಆದಾಯ ಎಷ್ಟಿದ್ದರೂ ಸರಿ, ವರ್ಷಕ್ಕೆ 5 ಲಕ್ಷ ರೂಪಾಯಿ ತನಕದ ಚಿಕಿತ್ಸೆ. ಆದರೆ ಅದು ಆಸ್ಪತ್ರೆಗೆ ಸೇರಿದಾಗ ಮಾತ್ರ, ಓಪಿಡಿ ಫೀಸಿಗೂ ತಿಂಗಳ ಮಾತ್ರೆಗೂ ಅಲ್ಲ. ಮಾತ್ರೆಗೆ ಜನೌಷಧಿ ಅಂಗಡಿಯಲ್ಲಿ ಲೆವೊಡೋಪಾ-ಕಾರ್ಬಿಡೋಪಾ ಇದೆಯಾ ಕೇಳಿ, ಕಂಪನಿ ಬದಲಾಯಿಸುವ ಮೊದಲು ಡಾಕ್ಟರಿಗೆ ಒಂದು ಮಾತು ಹೇಳಿ.

ಡಿಬಿಎಸ್, ಅಂದರೆ ಮಿದುಳಿನೊಳಗೆ ತಂತಿ ಇಟ್ಟು ಎದೆಯಲ್ಲಿ ಬ್ಯಾಟರಿ ಕೂರಿಸುವ ಆಪರೇಷನ್, ಮುಂಬೈಯಲ್ಲಿ ಆಗುತ್ತದೆ, ಖರ್ಚು ಲಕ್ಷಗಟ್ಟಲೆ. ಎಲ್ಲರಿಗೂ ಆಗಿಬರುವುದಿಲ್ಲ. ಲೆವೊಡೋಪಾಗೆ ಒಳ್ಳೆಯ ಬಲ ಸಿಗುವವರಿಗೆ, ಮರೆವಿನ ರೋಗ ಇಲ್ಲದವರಿಗೆ ಹೆಚ್ಚು ಉಪಯೋಗ. ಕಾಯಿಲೆಯನ್ನು ಅದು ವಾಸಿ ಮಾಡುವುದಿಲ್ಲ. ಯಾರಾದರೂ ಮೊದಲ ಭೇಟಿಯಲ್ಲೇ ಅಡ್ವಾನ್ಸ್ ಕಟ್ಟಿ ಅಂದರೆ ಎದ್ದು ಬನ್ನಿ, ಇನ್ನೊಬ್ಬರ ಅಭಿಪ್ರಾಯ ಕೇಳಿ.

ಊರಿಗೆ ಹೋದಾಗ, ಆಸ್ಪತ್ರೆ ಸೇರಿದಾಗ

ಮತ್ಸ್ಯಗಂಧಾ ರೈಲಿನಲ್ಲಿ ರಾತ್ರಿಯಿಡೀ ಪ್ರಯಾಣ. ಮಾತ್ರೆ ಕೈಚೀಲದಲ್ಲಿರಲಿ, ಸೀಟಿನಡಿಯ ಸೂಟ್‌ಕೇಸಿನಲ್ಲಿ ಬೇಡ. ಫೋನಲ್ಲಿ ಅಲಾರಂ ಇಡಿ. ಹದಿನೈದು ದಿನ ಜಾಸ್ತಿಯದ್ದೇ ಒಯ್ಯಿರಿ, ಊರಿನ ಅಂಗಡಿಯಲ್ಲಿ ಅದೇ ಬಗೆಯದ್ದು ಸಿಗದೇ ಹೋಗಬಹುದು.

ಇನ್ನು ನಮಗೆ ಆದ ದೊಡ್ಡ ಪೆಟ್ಟು. ಎರಡು ವರ್ಷದ ಹಿಂದೆ ಅಪ್ಪಯ್ಯನಿಗೆ ಜ್ವರ ಬಂದು ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. ವಾರ್ಡಿನವರು ಎಲ್ಲ ರೋಗಿಗಳ ಹಾಗೆ ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಎರಡು, ರಾತ್ರಿ ಒಂಬತ್ತಕ್ಕೆ ಮಾತ್ರೆ ಕೊಟ್ಟರು. ಅಪ್ಪಯ್ಯನದ್ದು ದಿನಕ್ಕೆ ಐದು ಹೊತ್ತು. ಎರಡನೇ ದಿನ ಅವರು ಮರದ ಹಾಗೆ ಮಲಗಿದ್ದರು, ನೀರೂ ನುಂಗಲಾರರು. ವಾಂತಿಗೆ ಅಂತ ಮೆಟೋಕ್ಲೋಪ್ರಮೈಡ್ ಇಂಜೆಕ್ಷನ್ನೂ ಹೋಗಿತ್ತು. ಯಾರೂ ಬೇಕಂತ ಮಾಡಿದ್ದಲ್ಲ, ಆದರೆ ನಾವು ಬರೆದು ಕೊಟ್ಟಿರಲಿಲ್ಲ.

ಈಗ ಒಂದು ಹಾಳೆ ಲ್ಯಾಮಿನೇಟ್ ಮಾಡಿ ಅವರ ಆಧಾರ್ ಕಾರ್ಡ್ ಜೊತೆ ಇಟ್ಟಿದ್ದೇವೆ, ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲಿ. ನ್ಯೂರೋಲಜಿಸ್ಟಿಗೆ ತೋರಿಸಿ ಸಹಿ ಹಾಕಿಸಿದ್ದು. ಬೇಕಾದರೆ ನಿಮ್ಮ ಮನೆಯ ಹೊತ್ತು ಹಾಕಿ ಹೀಗೇ ಬರೆದುಕೊಳ್ಳಿ:

"ಇವರಿಗೆ ಪಾರ್ಕಿನ್ಸನ್ ಇದೆ. ಲೆವೊಡೋಪಾ ಮಾತ್ರೆ ಬೆಳಿಗ್ಗೆ 6, 9.30, ಮಧ್ಯಾಹ್ನ 1, ಸಂಜೆ 4.30, ರಾತ್ರಿ 8ಕ್ಕೆ ಕೊಡಬೇಕು. ವಾರ್ಡಿನ ಹೊತ್ತಿಗೆ ಬದಲಾಯಿಸಬೇಡಿ. ಒಮ್ಮೆಲೇ ನಿಲ್ಲಿಸಬೇಡಿ, ಅಪಾಯ. ನುಂಗಲು ಆಗದಿದ್ದರೆ ಕೂಡಲೇ ನ್ಯೂರೋಲಜಿಸ್ಟಿಗೆ ಫೋನ್ ಮಾಡಿ. ಮೆಟೋಕ್ಲೋಪ್ರಮೈಡ್, ಪ್ರೋಕ್ಲೋರ್‌ಪೆರಝಿನ್, ಹ್ಯಾಲೋಪೆರಿಡಾಲ್ ಕೊಡಬೇಡಿ. ಉತ್ತರ ಕೊಡಲು ತಡವಾಗುತ್ತದೆ, ಆದರೆ ಎಲ್ಲ ಅರ್ಥವಾಗುತ್ತದೆ. ಸ್ವಲ್ಪ ಕಾಯಿರಿ."

ಕೊನೇ ಎರಡು ಸಾಲು ಅಪ್ಪಯ್ಯ ಹೇಳಿ ಬರೆಸಿದ್ದು.